‘ಎಲ್ಲಿಗೆ’ ಎಂದು ಕೇಳಬಾರದು

ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ನಮ್ಮ ಶಿಗ್ಗಾವಿಯಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ತಡೆಯಲಾಗದಿದ್ದರೆ ‘ದೂರ ಹೊಂಟ್ರೇನ್ರಿ?’ ಎನ್ನಬಹುದು. ಹೊರಟವನು ‘ಇಲ್ಲೇ’ ಎಂದರೆ ಮುಗಿಯಿತು. ಆ ‘ಇಲ್ಲೇ’ಯೊಳಗೆ ಹಾನಗಲ್ಲೂ ಹಿಡಿಯುತ್ತದೆ, ಹಿರೇಕೆರೂರೂ ಹಿಡಿಯುತ್ತದೆ. ನನ್ನ ಸಂಸಾರ ಇಷ್ಟು ವರ್ಷ ಸುಸೂತ್ರವಾಗಿ ನಡೆದದ್ದು ಈ ರಿವಾಜಿನ ದಯೆಯಿಂದ.

ಮೊಬೈಲಿನ ಬ್ರೌಸರಿಗೆ ಈ ಮರ್ಯಾದೆ ಯಾರೂ ಕಲಿಸಿಲ್ಲ. ಮಳೆ ಬರುತ್ತದೋ ಇಲ್ಲವೋ ನೋಡೋಣವೆಂದು ಹೋದರೆ, ಮೊದಲು ನೀವಿರುವ ಸ್ಥಳ ತಿಳಿಯಲು ಅನುಮತಿ ಕೊಡಿ ಎಂದು ಅಡ್ಡ ನಿಲ್ಲುತ್ತದೆ. ಕೇಳಿಯಾದರೂ ಕೇಳುತ್ತದಲ್ಲ, ನಮ್ಮ ಓಣಿಯವರು ಕೇಳದೆಯೇ ತಿಳಿದುಕೊಳ್ಳುತ್ತಾರೆ ಎಂದು ಮೆಚ್ಚಿಕೊಳ್ಳುತ್ತೇನೆ. ಮೆಚ್ಚಿಕೊಂಡು ‘ನಿರ್ಬಂಧಿಸಿ’ ಒತ್ತುತ್ತೇನೆ.

ಹೀಗಿರುವಾಗ ಹಾನಗಲ್ಲಿನ ಮಗಳು ಒಂದು ಲಿಂಕ್ ಕಳಿಸಿದಳು. ಬ್ರೌಸರಿನಲ್ಲಿ ತೆರೆದು ‘ಅನುಮತಿಸಿ’ ಎಂದರೆ ಮನೆಯವರೆಲ್ಲ ಎಲ್ಲೆಲ್ಲಿದ್ದಾರೆಂಬುದು ಒಂದೇ ನಕಾಶೆಯಲ್ಲಿ ಕಾಣುತ್ತದಂತೆ. ನನ್ನ ಹೆಂಡತಿ ಕೂಡಲೇ ಒತ್ತಿದಳು. ಆಕೆಗೇನು, ಮುಚ್ಚಿಡುವುದಿರಲಿಲ್ಲ. ನನಗಿತ್ತು. ಬಿ.ಪಿ. ಇದೆಯೆಂದು ಡಾಕ್ಟರು ಉಪ್ಪು, ಕರಿದದ್ದು ಬಿಡಿಸಿದ್ದರು. ಅಂದಿನಿಂದ ಹಿರೇಕೆರೂರಿನ ಗೆಳೆಯನ ಹೆಸರು ಹೇಳಿ ಸವಣೂರಿನ ಬಸ್ಸು ಹತ್ತುವುದು, ಅಲ್ಲಿಯ ಹೆಸರಾದ ಕರಿದ ಕುರುಕಲು ‘ಖಾರ’ ಒಂದು ಪೊಟ್ಟಣ ಕಟ್ಟಿಸಿ ಅಂಗಡಿಯ ಕಟ್ಟೆಯ ಮೇಲೇ ಮುಗಿಸುವುದು ನನ್ನ ರೂಢಿ.

ಆ ದಿನವೂ ಕಟ್ಟೆಯ ಮೇಲಿದ್ದೆ. ಹೆಂಡತಿ ಅದೇ ಲಿಂಕನ್ನು ಮತ್ತೆ ಕಳಿಸಿದಳು. ತೆರೆದೆ. ಅನುಮತಿ ಕೇಳಿತು. ಎಣ್ಣೆಬೆರಳಿನಿಂದ ‘ನಿರ್ಬಂಧಿಸಿ’ ಒತ್ತಿ, ಗೆದ್ದೆನೆಂದು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡೆ. ನುಂಗುವಷ್ಟರಲ್ಲಿ ಆಕೆಯ ಫೋನು ಬಂತು.

“ಸವಣೂರಾಗ ಅದೀರಲ್ಲ?”

ನಕಾಶೆಯಲ್ಲಿ ಕಂಡಿತೇ ಎಂದು ತಡವರಿಸಿದೆ. ಇಲ್ಲವಂತೆ, ನನ್ನ ಹೆಸರಿನ ಮುಂದೆ ಖಾಲಿ ಇತ್ತಂತೆ.

“ಹಿರೇಕೆರೂರಾಗ ಇದ್ದಿದ್ರ ಮೆರದು ತೋರಸ್ತಿದ್ರಿ. ಮುಚ್ಚಿಡೋವಂಥಾ ಊರು ನಿಮಗ ಸವಣೂರೊಂದ.”

ಸುಳ್ಳು ಹೇಳಲು ಬಾಯಿ ತೆರೆದೆ, ಬಾಯಲ್ಲಿ ಖಾರವಿತ್ತು. ಬೈಗುಳಕ್ಕೆ ಕಾದೆ. ಆಕೆ ಮೆಲ್ಲಗೆ ಹೇಳಿದಳು.

“ನೀವು ಖಾರ ಬಿಟ್ಟೀರಂತ ನಾನೂ ಬಿಟ್ಟೀನ್ರಿ.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಉಳಿದದ್ದನ್ನು ಮಡಚಿಕೊಂಡು ಮುಂದಿನ ಬಸ್ಸಿಗೇ ಮನೆಗೆ ಬಂದೆ.

ಒಮ್ಮೆ ಬೇಡವೆಂದರೆ ಬ್ರೌಸರ್ ಬೀಗರಂತೆ ಮುನಿಸಿಕೊಳ್ಳುತ್ತದೆ, ಮತ್ತೆ ಸುಲಭಕ್ಕೆ ಕೇಳುವುದಿಲ್ಲ. ಸೆಟ್ಟಿಂಗ್ಸ್‌ನೊಳಗೆ ಹೋಗಿ ಒಲಿಸಿಕೊಳ್ಳಬೇಕು. ನಾನು ಆ ಗೋಜಿಗೆ ಹೋಗಲಿಲ್ಲ, ಆಕೆಯೂ ಒತ್ತಾಯಿಸಲಿಲ್ಲ. ಈಗ ನಾನು ಹೊರಟರೆ ಆಕೆ ‘ದೂರ ಹೊಂಟ್ರೇನ್ರಿ’ ಎಂದೂ ಕೇಳುವುದಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿ ನನ್ನ ಜೊತೆಗೇ ಬಸ್ಸು ಹತ್ತುತ್ತಾಳೆ. ಪೊಟ್ಟಣ ಆಕೆಯ ಕೈಯಲ್ಲಿರುತ್ತದೆ. ನನಗೆ ಸಿಗುವುದು ಒಂದು ಚಿಟಿಕೆ, ಅದೂ ಆಕೆ ಅನುಮತಿಸಿದರೆ.