ಪಾರವ್ವನ ಹೆಸರು
ಬನಹಟ್ಟಿಯಲ್ಲಿ ಸೀರೆ ಮಾರುವ ಗುರುಸಿದ್ದಪ್ಪನವರು ಮಾತಿಗೆ ನಿಂತರೆ ಓಣಿಯ ಮಗ್ಗಗಳ ಸದ್ದೇ ಕೇಳಿಸುತ್ತಿರಲಿಲ್ಲ. ಅಂಥವರಿಗೆ ವೈರಸ್‌ನಿಂದ ಕಿವಿಯೊಳಗೆ ಗುಳ್ಳೆ ಎದ್ದು, ಅದು ಮುಖದ ನರಕ್ಕೂ ತಗುಲಿ, ಎಡಗೆನ್ನೆ ಜೋತುಬಿತ್ತು. ಜಮಖಂಡಿಯ ಡಾಕ್ಟರು ಗುಳಿಗೆ ಕೊಟ್ಟು, "ನಿಧಾನಕ್ಕ ಸುಧಾರಿಸತೈತ್ರಿ" ಎಂದರು. ಅಲ್ಲಿಯವರೆಗೆ ಪ, ಬ ಅಕ್ಷರಗಳು ಮಾತ್ರ ಅವರ ತುಟಿಯಲ್ಲಿ ನಿಲ್ಲದೆ ಗಾಳಿಯಾಗಿ ಹಾರಿಹೋಗುತ್ತಿದ್ದವು. ಗುರುಸಿದ್ದಪ್ಪನವರು ಆ ಎರಡು ಅಕ್ಷರಗಳಿಲ್ಲದೆಯೇ ವ್ಯಾಪಾರಕ್ಕೆ ಕೂತರು. "ಬರ್ರಿ" ಎನ್ನಲಾಗದೆ "ಒಳಗ ಕುಂದರ್ರಿ ಅಕ್ಕಾರ" ಎನ್ನುತ್ತಿದ್ದರು. ಕಪ್ಪು ಸೀರೆ "ಕಾಡಿಗಿ ಹಂಗ ಐತಿ" ಆಯಿತು, ಬಿಳಿಯದು "ಹಾಲಿನಂಥಾದ್ದು" ಆಯಿತು. ಚಹಾ ತುಟಿಯಿಂದ ಜಾರಿ ಎದೆಗೆ ಚೆಲ್ಲಿದರೆ, "ಅಂಗಿಗೂ ಚಹಾದ ಆಸೆ ಇರತೈತಲ್ಲ" ಎಂದು ಅರ್ಧ ಮುಖದಲ್ಲೇ ಹೊಟ್ಟೆ ತುಂಬ ನಗುತ್ತಿದ್ದರು. ಆದರೆ ಹೆಂಡತಿ ಪಾರವ್ವನನ್ನು "ಏ ಇಕಿ" ಎಂದು ಕರೆಯಲು ಮಾತ್ರ ಅವರು ಒಪ್ಪಲಿಲ್ಲ. "ಆಕಿಗೆ ಇನ್ನೊಂದು ಹೆಸರು ಯಾಕ?" ಎನ್ನುತ್ತ ದಿನಾ ಮುಂಜಾನೆ ಕನ್ನಡಿಯ ಮುಂದೆ ನಿಂತು "ಹಾರವ್ವ, ಹಾರವ್ವ" ಎಂದು ತಾಲೀಮು ನಡೆಸುತ್ತಿದ್ದರು. ಮೊನ್ನೆ ಸೋಮವಾರ "ಪಾರವ್ವ!" ಎಂಬ ಕರೆ ಸ್ವಚ್ಛವಾಗಿ ಅಡುಗೆಮನೆಗೆ ಕೇಳಿಸಿತು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಆದರೂ ಆಕೆ ಓಗೊಡಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ಕೂತಳು.