ತಲೆ ಎತ್ತದ ಮರಿ

ಮೊನ್ನೆ ಅಟ್ಟದ ಮೇಲಿನ ಹಳೆಯ ಶಾಲೆ ಚೀಲಗಳನ್ನು ಇಳಿಸಿ ಕೊಡವುತ್ತಿದ್ದೆ. ಮಗಳ ಪೆನ್ಸಿಲ್ ಡಬ್ಬಿಯಿಂದ ಹಿತ್ತಾಳೆಯ ಸೀಟಿಯೊಂದು ನೆಲಕ್ಕೆ ಬಿತ್ತು. ಪೂರ್ತಿ ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದರೆ ತೊಳೆಯದ ಹಿತ್ತಾಳೆಯ ಹುಳಿ ವಾಸನೆ... ನನ್ನ ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳ ಡಬ್ಬಿಯಲ್ಲಿ ಸೀಟಿ ಇರಲು ಕಾರಣವೇ ಇಲ್ಲ. ಆದರೆ ಅದು ಯಾರದೆಂದು ನೋಡಿದ ಕೂಡಲೇ ಗೊತ್ತಾಯಿತು.

ಬೀರೂರಿನಲ್ಲಿ ನಮ್ಮ ಪಕ್ಕದ ಮನೆಯವರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಬೀದಿಗೆಲ್ಲ ಗಾರ್ಡ್ ಮಾವ. ಬಿಳಿ ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ ಡಾಲ್ಮೇಷನ್ ನಾಯಿಗಳನ್ನು ಸಾಕಿ, ಮರಿ ಮಾಡಿಸಿ ಕೊಡುತ್ತಿದ್ದರು. ಪ್ರತಿ ನಾಯಿಯ ತಂದೆ, ತಾಯಿ, ಅಜ್ಜ, ಮುತ್ತಜ್ಜರ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ನನ್ನ ಮಗಳೊಂದಿಗೆ ಹೇಗೆ ಮಾತಾಡಬೇಕೆಂದು ಬಂಧುಗಳೇ ತಡಬಡಾಯಿಸುತ್ತಿದ್ದ ಕಾಲದಲ್ಲಿ, ಅವರು ತಮ್ಮ ಹಳೆಯ ಬಾವುಟಗಳನ್ನು ಟ್ರಂಕಿನಿಂದ ತೆಗೆದರು. ಕಾಂಪೌಂಡಿನ ಮೇಲೆ ಹಸಿರು ಬಾವುಟ ಕಂಡರೆ ಬಾ ಎಂದರ್ಥ. ಕೆಂಪು ಕಂಡರೆ ನಾಯಿಗಳು ಉಣ್ಣುತ್ತಿವೆ, ಅಲ್ಲೇ ನಿಲ್ಲು. ಹಸಿರು ಕಂಡರೆ ಅವಳು ಬಾಯಲ್ಲಿದ್ದ ತುತ್ತನ್ನೂ ನುಂಗದೆ ಓಡುತ್ತಿದ್ದಳು.

ಎರಡು ಜಾತಿ ಸೇರಿಸಿ ಹೊಸ ನಾಯಿ ಮಾಡುವ ಶೋಕಿ ಆಗ ನಮ್ಮ ಕಡೆಗೂ ಬಂದಿತ್ತು. ಕಡೂರಿನಿಂದ ಒಬ್ಬ ಕಾರಿನಲ್ಲಿ ಬಂದು, "ಲ್ಯಾಬ್ರಡೂಡಲ್ ಸಿಗುತ್ತಾ ಸಾರ್? ಕೂದ್ಲು ಉದುರಲ್ವಂತೆ" ಎಂದು ಕೇಳಿದ.

ಗಾರ್ಡ್ ಮಾವ ಅವನ ನೆತ್ತಿಯನ್ನೇ ನೋಡಿದರು. "ನಿಂದು ಆಗ್ಲೇ ಉದುರೋಗಿದೆಯಲ್ಲಪ್ಪಾ. ಅದನ್ನ ನಿಲ್ಸಕ್ಕೆ ಯಾವ ಕ್ರಾಸ್ ತರ್ಲಿ?"

ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. "ಲ್ಯಾಬ್ರಡಾರ್, ಪೂಡಲ್ ಅಂತ ಎರಡು ಹೆಸರು ಅರ್ಧರ್ಧ ಕುಯ್ದು ಅಂಟಿಸ್ಬಿಟ್ರೆ ಜಾತಿ ಆಗೋಯ್ತಾ? ಅಜ್ಜಂಪುರದಲ್ಲಿ ಅಮೃತಮಹಲ್ ದನ ಹೆಂಗೆ ಉಳ್ಕೊಂಡ್ವು ಹೇಳು. ಬೇರೆ ಹೋರಿ ಹತ್ರಕ್ಕೆ ಬಿಡ್ಲಿಲ್ಲ, ಅದಕ್ಕೆ."

ಅವರ ಮಾತು ಬರೀ ಜಂಬವಲ್ಲ. ಸ್ಟೇಷನ್ ಹತ್ತಿರ ಯಾರೋ ಗುಂಗುರು ಕೂದಲಿನ ಅಂಥದೊಂದು ನಾಯಿಯನ್ನು ಬಿಟ್ಟುಹೋಗಿದ್ದರು. ಉದುರುವುದಿಲ್ಲ ಎಂದು ಕೊಂಡದ್ದು ಉದುರತೊಡಗಿತ್ತು. ಗಾರ್ಡ್ ಮಾವ ದಿನಕ್ಕೆರಡು ಸಲ ಹೋಗಿ ಅದಕ್ಕೆ ಮೊಸರನ್ನ ಹಾಕುತ್ತಿದ್ದರು. "ತಪ್ಪು ಇದರದ್ದಲ್ಲ ಕಣಮ್ಮ, ಮಾಡಿಸ್ದೋನ್ದು" ಎನ್ನುತ್ತಿದ್ದರು. ಆದರೆ ತಮ್ಮ ಗೇಟಿನೊಳಗೆ ಒಂದು ದಿನವೂ ಬಿಟ್ಟುಕೊಳ್ಳಲಿಲ್ಲ.

ಆ ಸಲ ಆರು ಮರಿಗಳಿದ್ದವು. ಮಗಳಿಗೆ ಏಳು ವರ್ಷ. ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಕಾಂಪೌಂಡ್ ಗಿಡ್ಡವಾದ್ದರಿಂದ ಎಲ್ಲವೂ ಕಾಣುತ್ತಿತ್ತು. ಅಗಲವಾದ ತಟ್ಟೆಯಲ್ಲಿ ಮರಿಗಳು ಹಾಲು ಕುಡಿಯುತ್ತಿದ್ದವು. ಮಗಳು ಅವುಗಳ ಎದುರು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಗಾರ್ಡ್ ಮಾವ ಅವಳ ಹಿಂದೆ, ಬಾಗಿಲ ಮರೆಯಲ್ಲಿ ನಿಂತು ಸೀಟಿ ಊದಿದರು. ಐದು ಮರಿಗಳು ತಲೆ ಎತ್ತಿದವು. ಒಂದು ಕುಡಿಯುತ್ತಲೇ ಇತ್ತು. ಮತ್ತೆ ಊದಿದರು. ಬಟ್ಟೆ ಹಿಡಿದುಕೊಂಡೇ ನಿಂತೆ. ನೆಟ್ಟ ಕಣ್ಣಿನಿಂದ ನಾನು ನೋಡುತ್ತಿದ್ದದ್ದು ಆ ಮರಿಯನ್ನು. ಮೂರನೆಯ ಸಲಕ್ಕೆ ಅದನ್ನೊಂದನ್ನೇ ಬೇರೆ ಬಿಟ್ಟು ಊದಿದರು. ಅದು ತನ್ನ ಪಾಡಿಗೆ ನೆಲ ನೆಕ್ಕುತ್ತಿತ್ತು.

ಮಧ್ಯಾಹ್ನ ತರೀಕೆರೆಯಿಂದ ಪಶುವೈದ್ಯರು ಬಂದರು. ಚುಚ್ಚುಮದ್ದು ಕೊಟ್ಟು ಆ ಮರಿಯನ್ನು ಮುಗಿಸಿಬಿಡಿ ಎಂದು ಗಾರ್ಡ್ ಮಾವ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಗೇಟು ದಾಟಿ ಅವರ ಅಂಗಳಕ್ಕೆ ಹೋದೆ. ಮಗಳು ನನ್ನ ಸೆರಗು ಹಿಡಿದು ಬಂದಳು.

"ಆರೋಗ್ಯವಾಗಿರೋ ಮರಿ, ನಾನು ಕೊಲ್ಲಲ್ಲ" ಎಂದರು ವೈದ್ಯರು. "ನೀವು ಅದೇ ಮನೆತನದೊಳಗೇ ಮರಿ ಮಾಡಿಸ್ತಿದ್ದೀರಿ, ಅದಕ್ಕೇ ಕಿವುಡು ಬರ್ತಿದೆ. ಹೊರಗಿನ ರಕ್ತ ತನ್ನಿ. ಲ್ಯಾಬ್ರಡಾರ್ ಜೊತೆ ಕ್ರಾಸ್ ಮಾಡಿದ್ರೂ ತಪ್ಪೇನಿಲ್ಲ."

"ಕಲಬೆರಕೆ ಮಾಡು ಅಂತೀರಾ?"

"ಮರಿ ನಮಗೆ ಕೊಡಿ, ನಾವು ಸಾಕ್ಕೊತೀವಿ" ಎಂದೆ.

"ಇವತ್ತು ನೀನು ಸಾಕ್ತೀಯ. ನಾಳೆ ಇದು ಎಲ್ಲೋ ಮರಿ ಹಾಕುತ್ತೆ, ನನ್ನ ನಾಯಿ ಹೆಸರು ಹೇಳ್ಕೊಂಡು. ಬೇಡ." ಆಮೇಲೆ ದನಿ ಇಳಿಸಿದರು. ನನ್ನನ್ನು ಹೊಗಳುವ ದನಿ ಅದು. "ನಿನಗೆ ನಾನು ಹೇಳ್ಬೇಕೇನಮ್ಮ? ನಿಮ್ಮನೇಲೂ ಹೊರಗಿಂದ ತರ್ಲಿಲ್ಲ. ಸ್ವಂತ ಸೋದರಮಾವಂಗೇ ನಿನ್ನ ಕೊಟ್ರು. ಮನೆತನ ಅಂದ್ರೆ ಹಂಗೇ ಉಳ್ಕೊಬೇಕು..."

ಅಲ್ಲಿಗೆ ನಿಲ್ಲಿಸಿದರು. ಅವರ ಕಣ್ಣು ನನ್ನ ಸೆರಗು ಹಿಡಿದಿದ್ದ ಕೈಯ ಮೇಲೆ ಬಿದ್ದಿತ್ತು. ವೈದ್ಯರು ಚೀಲದ ಜಿಪ್ ಎಳೆದರು. ಸೋದರಮಾವನನ್ನು ಮದುವೆಯಾದದ್ದೇ ಮಗಳ ಕಿವುಡುತನಕ್ಕೆ ಕಾರಣವೇ ಎಂದು ನಾನು ಹಿಂದೆಯೇ ಡಾಕ್ಟರರನ್ನು ಕೇಳಿದ್ದೆ. ಇರಬಹುದು, ಖಂಡಿತ ಎನ್ನಲಾಗದು ಎಂದಿದ್ದರು. ಆ 'ಇರಬಹುದು' ಎಂಬುದನ್ನು ಬೀದಿಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಮಗಳನ್ನು ಹುಡುಕಿದರೆ ಪಕ್ಕದಲ್ಲಿಲ್ಲ. ಆಗಲೇ ಅವರ ಜಗುಲಿಯ ಮೇಲೆ ಹೋಗಿ ನಿಂತಿದ್ದಳು. ಕೈಹಿಡಿದು ಮನೆಗೆ ಕರೆತಂದೆ.

ಮಾರನೆಯ ಬೆಳಿಗ್ಗೆ ತಟ್ಟೆಯ ಸುತ್ತ ಐದು ಮರಿಗಳಿದ್ದವು. ನುಗ್ಗೆಮರದ ಬುಡದಲ್ಲಿ ಮಣ್ಣು ಹಸಿಯಾಗಿತ್ತು. ಹೇಗೆ ಎಂದು ನಾನು ಕೇಳಲಿಲ್ಲ. ಗಾರ್ಡ್ ಮಾವ ಎಂದಿನಂತೆ ಕಾಂಪೌಂಡಿನ ಮೇಲೆ ಹಸಿರು ಬಾವುಟ ಎತ್ತಿದರು. ಮಗಳು ಕಿಟಕಿಯಿಂದ ಅದನ್ನು ನೋಡಿದಳು, ಹೋಗಲಿಲ್ಲ. ಅವರು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.

ಆ ಐದು ಮರಿಗಳ ನಂತರ ಅವರು ಮರಿ ಮಾಡಿಸಲಿಲ್ಲ. ಪಶ್ಚಾತ್ತಾಪವೋ, ವಯಸ್ಸೋ... ನನಗೆ ತಿಳಿಯದು. ಎದುರು ಸಿಕ್ಕಾಗ ಇಬ್ಬರೂ ಚಪ್ಪಲಿ ನೋಡಿಕೊಂಡು ದಾಟಿಹೋಗುತ್ತಿದ್ದೆವು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ನಾನು ಹೋಗಿ ನೋಡಿ ಬಂದೆ. ಮಗಳು ಬರಲಿಲ್ಲ.

ಮಗಳೀಗ ಕಡೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಂದವಳ ಮುಂದೆ ಸೀಟಿ ಇಟ್ಟು, ಇದನ್ನು ಯಾವಾಗ ತಂದೆ ಎಂದು ಕೈಸನ್ನೆಯಲ್ಲಿ ಕೇಳಿದೆ. ನಾಯಿ ಡಾಕ್ಟರು ಬಂದ ಮಧ್ಯಾಹ್ನ, ನೀವೆಲ್ಲ ಆ ಮರಿಯನ್ನು ತೋರಿಸಿ ಜಗಳವಾಡುವಾಗ, ಎಂದಳು. ಸೀಟಿ ಇಲ್ಲದಿದ್ದರೆ ಮತ್ತೆ ಪರೀಕ್ಷೆ ಮಾಡಲಾಗದು, ಮರಿ ಉಳಿಯುತ್ತದೆ ಎಂದುಕೊಂಡೆ, ಎಂದಳು.

ಅದು ಪರೀಕ್ಷೆಯೆಂದು ನಿನಗೆ ಹೇಗೆ ತಿಳಿಯಿತು ಎಂದೆ. ಅವಳ ಬೆರಳುಗಳು ನಿಧಾನವಾಗಿ ಹೇಳಿದವು. ಐದು ಮರಿಗಳು ಒಟ್ಟಿಗೆ ತಲೆ ಎತ್ತಿದವು. ಯಾರು ಬಂದರೆಂದು ನಾನೂ ತಿರುಗಿದೆ. ಗಾರ್ಡ್ ತಾತನ ಬಾಯಲ್ಲಿ ಸೀಟಿ ಇತ್ತು. ಅವರು ಮರಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಬಟ್ಟೆ ಹಿಡಿದು ನಿಂತಿದ್ದ ನಾನು ಇದನ್ನು ಕಂಡಿರಲಿಲ್ಲ. ಆ ನೋಟದಲ್ಲಿ ಏನಿತ್ತೆಂದು ಕೇಳಿ ತಿಳಿಯೋಣವೆಂದರೆ ಅವರಿಲ್ಲ. ಅವಳಿಗಾಗಿ ಟ್ರಂಕು ತೆರೆದು ಬಾವುಟ ತೆಗೆದವರೂ ಅವರೇ... ಮಗಳು ಸೀಟಿ ತೆಗೆದುಕೊಂಡು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.