ಈಜುಕೊಳದ ಪೈಪಿನಲ್ಲಿ ಕೇಳಿದ ಸದ್ದು

ದೆವ್ವ, ಶಕುನ ಅಂತ ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಂಪಿನ ಕೆಲಸದವನು ನಾನು. ಸದ್ದು ಅಂದಮೇಲೆ ಅದಕ್ಕೊಂದು ಕಾರಣ ಇರಲೇಬೇಕು ಎನ್ನುವವನು. ಆದರೆ ಈ ಒಂದು ಸಂಗತಿ ಮಾತ್ರ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ. ಓದಿದ ನಿಮಗೇನಾದರೂ ಹೊಳೆದರೆ ನನಗೂ ತಿಳಿಸಿ.

ಎಂಬತ್ತರ ದಶಕದ ಕೊನೆಯ ಮಾತು. ಕೆ.ಜಿ.ಎಫ್.ನ ಒಂದು ಕ್ಲಬ್ಬಿನ ಈಜುಕೊಳಕ್ಕೆ ನಾನು ಪಂಪ್ ಆಪರೇಟರ್. ನಮ್ಮೂರು ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು. ಕ್ಲಬ್ಬಿನವರು ಹೊಸದಾಗಿ ಒಂದು ಯಂತ್ರ ತರಿಸಿದ್ದರು. ಉದ್ದನೆಯ ಪೈಪು ಕಟ್ಟಿಕೊಂಡು ನೀರಿನ ತಳದಲ್ಲಿ ತಾನೇ ಓಡಾಡುತ್ತಾ ಕಸ ಹೀರುತ್ತಿತ್ತು. ಅದರ ಜುಟ್ಟು ಮಾತ್ರ ಪಂಪ್ ಶೆಡ್ಡಿನ ಒಂದು ವಾಲ್ವಿನ ಕೈಯಲ್ಲಿತ್ತು. ನೀರಿನ ಎಳೆತ ಹೆಚ್ಚಾದರೆ ತಳ ಕಚ್ಚಿಕೊಂಡು ಕೂತುಬಿಡುತ್ತಿತ್ತು, ಕಡಿಮೆಯಾದರೆ ಸೋಮಾರಿಯ ಹಾಗೆ ನಿಂತೇ ಹೋಗುತ್ತಿತ್ತು.

ನನ್ನ ಜೊತೆಗೆ ಕ್ಯಾಸಂಬಳ್ಳಿಯ ಮುನಿರಾಜಣ್ಣ ಇದ್ದ. ಚಿನ್ನದ ಗಣಿಯೊಳಗೆ ದುಡಿದು, ಉಬ್ಬಸ ಹತ್ತಿ, ಈಗ ಕೊಳದಲ್ಲಿ ಬಿದ್ದ ಎಲೆ ಎತ್ತುತ್ತಿದ್ದವನು. ಅವನ ಒಬ್ಬನೇ ಮಗ ವೆಂಕಟೇಶನೂ ಗಣಿಗೇ ಸೇರಿದ್ದ.

ಒಂದು ಮಧ್ಯಾಹ್ನ ಯಂತ್ರ ಆಳದ ಕಡೆ ಕಚ್ಚಿಕೊಂಡು ಕೂತಿತು. ಪೈಪಿನಲ್ಲಿ ಟಕ್ ಟಕ್ ಟಕ್ ಅಂತ ಸದ್ದು. ಗಾಳಿ ಸೇರಿದೆ ಅಂದುಕೊಂಡು ವಾಲ್ವ್ ತಿರುಗಿಸಿ ಎಳೆತ ತಗ್ಗಿಸಿದೆ. ಸದ್ದು ನಿಲ್ಲಲಿಲ್ಲ. ಪಂಪನ್ನೇ ನಿಲ್ಲಿಸಿದೆ. ಆಗಲೂ ನಿಲ್ಲಲಿಲ್ಲ.

ಮುನಿರಾಜಣ್ಣ ಪೈಪಿಗೆ ಕಿವಿಯಿಟ್ಟ. "ಇದು ಗಾಳಿಯಲ್ಲ ಕಣ್ಲಾ, ಯಾರೋ ತಟ್ತಾವ್ರೆ. ಜವಾಬು ಕೊಡ್ಬೇಕು."

ಗಣಿಯವರ ಕಟ್ಟುಪಾಡು ಅದು. ಒಳಗೆ ಸಿಕ್ಕಿಕೊಂಡವರು ಪೈಪು ತಟ್ಟುತ್ತಾರೆ. ಕೇಳಿದವನು ಅಷ್ಟೇ ಸಲ ತಿರುಗಿ ತಟ್ಟಲೇಬೇಕು, ಮಿಕ್ಕಿದ್ದೆಲ್ಲ ಆಮೇಲೆ.

"ಅಣ್ಣೋ, ಇದು ಈಜೋ ಕೊಳ. ತಲೆಗಿಲೆ ಕೆಟ್ಟೈತಾ ನಿಂಗೆ?" ಅಂತ ರೇಗಿದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ಪ್ಯಾನರ್ ತೆಗೆದು ಮೂರು ಸಲ ತಟ್ಟಿದ. ಕೂಡಲೇ ಅತ್ತಲಿಂದ ಮೂರು ಬಂತು. ಇವನು ಮತ್ತೆ ತಟ್ಟಿದ, ಅದೂ ತಟ್ಟಿತು. ನಾನೂ ಬಗ್ಗಿ ಪೈಪಿಗೆ ಕಿವಿಯಿಟ್ಟೆ.

ಅಷ್ಟರಲ್ಲಿ ನೆಲ ಅದುರಿತು. ಕೊಳದ ನೀರು ಅಂಚು ದಾಟಿ ಚೆಲ್ಲಿತು. ಗಣಿಯೊಳಗೆ ಬಂಡೆ ಸಿಡಿದರೆ ಊರು ನಡುಗುವುದು ನಮಗೇನೂ ಹೊಸದಲ್ಲ. ಆದರೆ ಮುನಿರಾಜಣ್ಣ, "ಅಯ್ಯೋ, ನನ್ ಮಗ ಒಳಗವ್ನೆ!" ಅಂತ ಸ್ಪ್ಯಾನರ್ ಬಿಸಾಡಿ ಓಡಿದ. ನಾನೂ ಹಿಂದೆ ಓಡಿದೆ.

ಗಣಿ ಬಾಯಲ್ಲಿ ಆಗಲೇ ಹೆಂಗಸರು ಸೇರಿ ಗೋಳಾಡುತ್ತಿದ್ದರು. ಹೊತ್ತು ಇಳಿಯುವಾಗ ಆಳುಗಳನ್ನು ಎತ್ತುವ ಕೇಜು ಮೇಲೆ ಬಂತು. ಧೂಳು ಮೆತ್ತಿಕೊಂಡ ವೆಂಕಟೇಶ ಇಳಿದ. ಅಪ್ಪ ಅವನ ತಲೆ, ಕೆನ್ನೆ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿ ಅತ್ತುಬಿಟ್ಟ.

"ಯಾರೋ ಪೈಪು ತಟ್ಟಿದ್ರಪ್ಪ," ಅಂದ ಮಗ. "ಸಿಗಾಕ್ಕೊಂಡವ್ರೆ ಅಂದ್ಕೊಂಡು ಜವಾಬು ಕೊಡ್ತಾ ಆ ಕಡೀಕೆ ನಡುದ್ವಿ. ನಾವು ಕೂತಿದ್ದ ಜಾಗ ಪೂರಾ ಕುಸೀತು. ಸದ್ದು ಬಂದ ಕಡೆ ಓಗಿ ನೋಡುದ್ರೆ ಯಾರೂ ಇಲ್ಲ."

"ನೀವೇ ತಾನೇ ಮೊದ್ಲು ತಟ್ಟಿದ್ದು?" ಅಂತ ಮುನಿರಾಜಣ್ಣ ಕೇಳಿದ.

"ಇಲ್ಲಪ್ಪ. ನಾವು ಬರೀ ಜವಾಬು ಕೊಟ್ಟಿದ್ದು."



ಕೊಳದ ಪೈಪಿಗೂ ಗಣಿಯ ಪೈಪಿಗೂ ಎಲ್ಲೂ ಸಂಬಂಧವಿಲ್ಲ, ನಾನೇ ವಿಚಾರಿಸಿದ್ದೇನೆ. ಆಮೇಲೆ ಎಷ್ಟೋ ದಿನ ಎಳೆತವನ್ನು ಹೆಚ್ಚಿಸಿ, ತಗ್ಗಿಸಿ, ಬೇಕೆಂದೇ ಗಾಳಿ ಬಿಟ್ಟು ನೋಡಿದೆ. ಆ ಸದ್ದು ಮತ್ತೆ ಬರಲೇ ಇಲ್ಲ. ಅವರು ತಟ್ಟಿದ್ದೂ ಜವಾಬು, ನಾವು ತಟ್ಟಿದ್ದೂ ಜವಾಬು. ಹಾಗಾದರೆ ಮೊದಲು ತಟ್ಟಿದವರು ಯಾರು ಸ್ವಾಮಿ?